ನೆಲಕ್ಕೆ ಬಣ್ಣ ಬಳಿಯುವ ಮೊದಲು ಕೇಳಿ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ಸಂಕಟ ಹೇಳುತ್ತಿವೆ. ಊರು ಬೆಳೆಯುತ್ತಿದೆ, ನಮ್ಮನ್ನು ಯಾರೂ ಕೇಳಲಿಲ್ಲ ಎನ್ನುವುದು. ಉತ್ತರಕ್ಕೆ ಕೂರುವ ಮುಂಚೆ ನನ್ನದೊಂದು ಮಾತು ಹೇಳಿಕೊಳ್ಳಬೇಕು.

ನಾನು ಮಾಸ್ಟರ್ ಪ್ಲಾನಿನ, ಅಂದರೆ ಊರಿನ ಯಾವ ನೆಲ ಯಾವ ಬಳಕೆಗೆ ಎಂದು ತೋರಿಸುವ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ ಕಾಲದಲ್ಲಿ ಕಚೇರಿಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅಮೋನಿಯಾ ವಾಸನೆಯ ಪ್ರಿಂಟು ಹಾಸಿಕೊಂಡು ಕೈಯಲ್ಲೇ ಬಣ್ಣ ತುಂಬುತ್ತಿದ್ದೆವು. ವಾಸದ ಮನೆಗಳಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆಗಳಿಗೆ ಕೆಂಪು, ಉದ್ಯಾನಕ್ಕೆ ಹಸಿರು. ಒಂದು ಮಧ್ಯಾಹ್ನ ನನ್ನ ತವರೂರಿನ ಹಾಳೆಯೇ ನನ್ನ ಮೇಜಿಗೆ ಬಂತು. ನಮ್ಮ ಗುಂಡುತೋಪಿನ ಜಾಗಕ್ಕೆ ಹಳದಿ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿತ್ತು. ಬಳಿದೆ. ಆ ಕರಡು ಸಾರ್ವಜನಿಕರ ಆಕ್ಷೇಪಣೆಗೆಂದು ಗೋಡೆಯ ಮೇಲೆ ಎರಡು ತಿಂಗಳು ತೂಗಿತ್ತು. ನಮ್ಮೂರಿನಿಂದ ಒಬ್ಬರೂ ಬರಲಿಲ್ಲ. ನಾನೂ ಅಪ್ಪನಿಗೆ ಹೇಳಲಿಲ್ಲ. ಹೇಳಬಹುದಿತ್ತು, ಅದರಲ್ಲಿ ಗುಟ್ಟೇನೂ ಇರಲಿಲ್ಲ. ಜಾತ್ರೆಗೆ ಬಂದ ಗಾಡಿಗಳೆಲ್ಲ ಎತ್ತಿನ ಕೊರಳು ಬಿಚ್ಚುತ್ತಿದ್ದ ಆ ಹುಣಸೆ ಮರಗಳು ಈಗಿಲ್ಲ. ಈ ಅಂಕಣ ಬರೆಯಲು ಒಪ್ಪಿದ್ದು ಆ ಎರಡು ತಿಂಗಳಿಗಾಗಿ.

ಪ್ರಶ್ನೆ: ನಮ್ಮದು ಸರ್ಜಾಪುರ ರಸ್ತೆಯ ಒಂದು ಲೇಔಟು. ಹಿಂದುಗಡೆ ಒಂದು ಕಾಲುವೆ ಇತ್ತು. ಬೇಸಿಗೆಯಲ್ಲಿ ಪಕ್ಕದ ಜಮೀನಿನವರು ಮಣ್ಣು ಹಾಕಿ ಮಟ್ಟ ಮಾಡಿದರು. ಮೊದಲ ದೊಡ್ಡ ಮಳೆಗೇ ನಮ್ಮ ಅಡುಗೆಮನೆಗೆ ಮೊಣಕಾಲುದ್ದ ನೀರು ಬಂತು. ಕೇಳಿದರೆ, 'ಅದು ಕಾಲುವೆಯೇ ಅಲ್ಲ, ನಮ್ಮ ಪಹಣಿ ನೋಡಿ' ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ ಮೇಡಂ?

ಉತ್ತರ: ಗ್ರಾಮ ನಕ್ಷೆಯಿಂದ ಶುರು ಮಾಡಿ. ಪಹಣಿ ಜಮೀನು ಯಾರದೆಂದು ಹೇಳುತ್ತದೆ, ನೀರು ಯಾವ ದಾರಿಯಲ್ಲಿ ಹರಿಯುತ್ತಿತ್ತು ಎಂದು ಹೇಳುವುದಿಲ್ಲ. ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ, ಬಂಡಿದಾರಿ, ಕೆರೆ ಅಂಗಳ ಎಲ್ಲವನ್ನೂ ಗೆರೆ ಎಳೆದು ತೋರಿಸಿರುತ್ತಾರೆ. ಸರಪಳಿ ಹಿಡಿದು ಹೊಲ ಹೊಲ ತಿರುಗಿ ಅಳೆದವರ ಕೆಲಸ ಅದು. ನಿಮ್ಮ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಮಣ್ಣು ತುಂಬಿದ ಜಾಗದಲ್ಲಿ ನಿಂತರೆ, ಎಡಕ್ಕೂ ಬಲಕ್ಕೂ ಇರುವ ಸರ್ವೆ ನಂಬರು ಸಿಗುತ್ತದೆ. ಆ ನಂಬರುಗಳ ವಿಸ್ತೀರ್ಣ ಬರೆದಿಡುವ ಸರ್ವೆ ದಾಖಲೆ, ಆಕಾರ್‌ಬಂದ್ ತೆಗೆಸಿ. ಅದರಲ್ಲಿ 'ಬಿ ಖರಾಬು' ಎಂದು ಒಂದಿಷ್ಟು ಗುಂಟೆ ಬರೆದಿದ್ದರೆ, ಅದು ಹಳ್ಳಕ್ಕೋ ದಾರಿಗೋ ಸಾರ್ವಜನಿಕರಿಗೆಂದು ಬಿಟ್ಟ ನೆಲ. ಪಹಣಿಯಲ್ಲಿ ಯಾರ ಹೆಸರಿದ್ದರೂ ಅಷ್ಟು ಗುಂಟೆ ಅವರದಲ್ಲ. 'ಎ ಖರಾಬು' ಬೇರೆ. ಅದು ಬಂಡೆ, ದಿಬ್ಬದಂಥ ಉಳುಮೆಗೆ ಬಾರದ ನೆಲ, ಹಿಡುವಳಿಯ ಒಳಗಿನದು. ಇವೆರಡರ ವ್ಯತ್ಯಾಸ ಗೊತ್ತಿಲ್ಲದೆ ಜಗಳಕ್ಕೆ ಹೋದವರು ಮೊದಲ ದಿನವೇ ಸೋತು ಬಂದದ್ದನ್ನು ನೋಡಿದ್ದೇನೆ.

ಗ್ರಾಮ ನಕ್ಷೆ, ಪಹಣಿ, ಆಕಾರ್‌ಬಂದ್, ಈ ಮೂರು ಕಾಗದ ಕೈಯಲ್ಲಿ ಹಿಡಿದು ತಹಶೀಲ್ದಾರರಿಗೆ ಅರ್ಜಿ ಕೊಡಿ. 'ನೀರು ನುಗ್ಗಿದೆ, ಕ್ರಮ ಕೈಗೊಳ್ಳಿ' ಎಂದು ಬರೆಯಬೇಡಿ. 'ಇಂಥ ಸರ್ವೆ ನಂಬರುಗಳ ನಡುವಿನ ಬಿ ಖರಾಬು ಹಳ್ಳವನ್ನು ಅಳತೆ ಮಾಡಿ ಹದ್ದುಬಸ್ತು ಗುರುತಿಸಿ, ಒತ್ತುವರಿ ಇದ್ದರೆ ತೆರವು ಮಾಡಿ' ಎಂದು ಬರೆಯಿರಿ. ಸರ್ಕಾರಿ ನೆಲದಿಂದ ಒತ್ತುವರಿ ತೆರವು ಮಾಡಿಸುವ ಅಧಿಕಾರ 1964ರ ಭೂಕಂದಾಯ ಕಾಯ್ದೆಯ 104ನೇ ಕಲಂನಲ್ಲಿದೆ.

ಬೆಂಗಳೂರಿನ ಹೊಲಗಳ ಮೇಲಿನ ಕಾಲುವೆಗಳು ವರ್ಷದಲ್ಲಿ ಬಹುಪಾಲು ದಿನ ಒಣಗಿಯೇ ಇರುತ್ತವೆ. ಕಸಕಡ್ಡಿ, ಲಾಂಟಾನ ಬೆಳೆದು ಪಾಳು ಜಾಗದಂತೆ ಕಾಣುತ್ತವೆ. ಆದರೆ ಅವು ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ನೀರು ಒಯ್ಯುವ ದಾರಿಗಳು. ನಿಮ್ಮ ಕಡೆ ಬಿದ್ದ ಬಹಳಷ್ಟು ಮಳೆ ಹೀಗೆ ಕೆರೆಯಿಂದ ಕೆರೆಗೆ ಇಳಿದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಕೋಟಿ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಕರೆತಂದದ್ದು ನಿಮಗೂ ನೆನಪಿರಬೇಕು. ನೀರು ದಾರಿ ತಪ್ಪಿರಲಿಲ್ಲ, ತನ್ನ ದಾರಿಯಲ್ಲೇ ಬಂದಿತ್ತು.

ಬೆಂಗಳೂರಿನ 2015ರ ಮಾಸ್ಟರ್ ಪ್ಲಾನಿನಲ್ಲಿ ಕಾಲುವೆಯ ನಡುಗೆರೆಯಿಂದ ಬಿಡಬೇಕಾದ ಅಂತರ ಪ್ರಾಥಮಿಕ ರಾಜಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15. ಕೆರೆಗೆ 30. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿತ್ತು, ಸುಪ್ರೀಂ ಕೋರ್ಟು 2019ರಲ್ಲಿ ಆ ಆದೇಶ ರದ್ದು ಮಾಡಿತು. ಮಣ್ಣು ತುಂಬಿದ್ದು ತೃತೀಯ ಕಾಲುವೆಯೇ ಆದರೂ 15 ಮೀಟರ್ ಬಿಡಲೇಬೇಕಿತ್ತು ಎಂದು ಬರೆಯಿರಿ.

ಕಹಿಯಾದರೂ ಇನ್ನೊಂದು ಹೇಳುತ್ತೇನೆ. ಅದೇ ನಕ್ಷೆಯ ಮೇಲೆ ನಿಮ್ಮ ಲೇಔಟಿನ ಕಾಂಪೌಂಡನ್ನೂ ಇಟ್ಟು ನೋಡಿ. ಹಳ್ಳ ನಿಮ್ಮ ಗೋಡೆಯ ಒಳಗೂ ಹಾದುಹೋಗಿದ್ದರೆ, ಅದನ್ನು ನೀವೇ ಮೊದಲು ಒಪ್ಪಿ, ನಿಮ್ಮ ಕಡೆಯದನ್ನು ಬಿಟ್ಟುಕೊಟ್ಟು, ಆಮೇಲೆ ಪಕ್ಕದವರದನ್ನು ಕೇಳಿ. ಹಾಗೆ ಮಾಡಿದ ಒಂದು ಬಡಾವಣೆ ನನಗೆ ಗೊತ್ತು. ಎರಡು ಮಳೆಗಾಲ ಅವರ ಮನೆಗೆ ನೀರು ಬಂದಿಲ್ಲ.

ಪ್ರಶ್ನೆ: ನೆಲಮಂಗಲದ ಹತ್ತಿರ 30-40 ಸೈಟು ನೋಡಿದ್ದೇವೆ. ಪಂಚಾಯಿತಿಯ 11ಬಿ ಇದೆ, ಅಷ್ಟು ಸಾಕು ಎನ್ನುತ್ತಾರೆ ಬ್ರೋಕರ್. ಸಾಕೇ?

ಉತ್ತರ: ಸಾಲದು. ಪಂಚಾಯಿತಿ ಸ್ವತ್ತುಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ, ಕೃಷಿಯಿಂದ ಕೃಷಿಯೇತರಕ್ಕೆ ಭೂಪರಿವರ್ತನೆಯಾಗಿ, ಯೋಜನಾ ಪ್ರಾಧಿಕಾರ ಲೇಔಟ್ ನಕ್ಷೆಗೆ ಒಪ್ಪಿಗೆ ಕೊಟ್ಟ ನಿವೇಶನಕ್ಕೆ ನಮೂನೆ 9 ಮತ್ತು 11ಎ ಬರುತ್ತದೆ. ಆ ಲೆಕ್ಕಕ್ಕೆ ಸೇರದ ಸ್ವತ್ತು 11ಬಿಗೆ ಹೋಗುತ್ತದೆ. ತೆರಿಗೆ ಕಟ್ಟಲು ಅದು ದಾಖಲೆ, ನಿಮ್ಮ ರಸ್ತೆ, ಉದ್ಯಾನ, ಚರಂಡಿಯ ಜಾಗವನ್ನು ಯಾರೋ ಬಿಟ್ಟಿದ್ದಾರೆ ಎಂಬುದಕ್ಕೆ ದಾಖಲೆಯಲ್ಲ. ಪರಿವರ್ತನೆಯ ಆದೇಶದ ಪ್ರತಿ ಮತ್ತು ಮುದ್ರೆಯಿರುವ ಲೇಔಟ್ ನಕ್ಷೆ ಕೇಳಿ. ಎರಡೂ ತೋರಿಸುವವರೆಗೆ ಮುಂಗಡ ಕೊಡಬೇಡಿ.

ಪ್ರಶ್ನೆ: ನಾನು ತುಮಕೂರಿನವಳು, ಗೃಹಿಣಿ. ನಮ್ಮ ಬೀದಿಯ ತುದಿಯ ನಾಲ್ಕು ಎಕರೆ ತೋಟವನ್ನು ಕೃಷಿಯಿಂದ ವಾಣಿಜ್ಯಕ್ಕೆ ಬದಲಾಯಿಸುವ ಪ್ರಸ್ತಾವ ಇದೆ, ಆಕ್ಷೇಪಣೆ ಇದ್ದರೆ ಸಲ್ಲಿಸಿ ಎಂದು ಪೇಪರಿನ ಮೂಲೆಯಲ್ಲಿ ಸಣ್ಣ ಜಾಹೀರಾತು ಬಂದಿದೆ. ಗೋದಾಮು ಬರುತ್ತದಂತೆ. ನಮ್ಮಂಥವರು ಬರೆದರೆ ಓದುತ್ತಾರೆಯೇ ಅಮ್ಮ? ಬರೆಯಲು ಲಾಯರ್ ಬೇಕೇ?

ಉತ್ತರ: ಆ ಸಣ್ಣ ಜಾಹೀರಾತನ್ನು ಕತ್ತರಿಸಿ ಇಟ್ಟುಕೊಂಡಿದ್ದೀರಾ? ಇಲ್ಲದಿದ್ದರೆ ಈಗಲೇ ಕತ್ತರಿಸಿ, ದಿನಾಂಕ ಬರೆದಿಡಿ. ಲಾಯರ್ ಬೇಡ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ, ಮಾಸ್ಟರ್ ಪ್ಲಾನಿನಲ್ಲಿ ತೋರಿಸಿದ ಭೂಬಳಕೆಯನ್ನು ಬದಲಿಸಬೇಕಾದರೆ ಅದು ಸಾರ್ವಜನಿಕ ಹಿತಕ್ಕೆ ಇರಬೇಕು, ಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು. 'ಸಾರ್ವಜನಿಕ ಹಿತ' ಎಂಬ ಎರಡು ಪದ ನಿಮ್ಮ ಕೈಗೆ ಸಿಕ್ಕ ಹಿಡಿ. ಪತ್ರವನ್ನು ಅಲ್ಲಿಂದಲೇ ಎತ್ತಿಕೊಳ್ಳಿ.

ಆಕ್ಷೇಪಣೆಗಳ ಕಡತ ಕಟ್ಟಿದವಳು ನಾನು. 'ನಮ್ಮ ತೀವ್ರ ವಿರೋಧವಿದೆ' ಎಂದು ಇನ್ನೂರು ಜನ ಸಹಿ ಮಾಡಿದ ಕಾಗದ ಬಂದರೆ, ಷರಾದಲ್ಲಿ 'ಸ್ಥಳೀಯರ ವಿರೋಧವಿದೆ' ಎಂಬ ಒಂದೇ ಸಾಲು ಬೀಳುತ್ತಿತ್ತು. ಅದರ ಪಕ್ಕದಲ್ಲೇ ಒಬ್ಬ ಪ್ರೈಮರಿ ಶಾಲೆಯ ಮೇಷ್ಟ್ರು ಬರೆದ ಎರಡು ಪುಟದ ಪತ್ರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬೀದಿಯ ಅಗಲವನ್ನು ಟೇಪಿನಲ್ಲಿ ಅಳೆದು ಬರೆದಿದ್ದರು. ಶಾಲೆ ಬಿಡುವ ಹೊತ್ತಿಗೆ ಎಷ್ಟು ಮಕ್ಕಳು ಆ ತಿರುವು ದಾಟುತ್ತಾರೆಂದು ಒಂದು ವಾರ ನಿಂತು ಎಣಿಸಿದ್ದರು. ಲಾರಿ ತಿರುಗಲು ಬೇಕಾದ ಜಾಗ ಅಲ್ಲಿಲ್ಲವೆಂದು ರೂಲರ್ ಇಟ್ಟು ಚಿತ್ರ ಬರೆದಿದ್ದರು. ಅದಕ್ಕೆ ಒಂದೇ ಸಾಲಿನ ಉತ್ತರ ಬರೆಯಲು ಯಾರ ಕೈಲೂ ಆಗಲಿಲ್ಲ. ಸ್ಥಳ ತನಿಖೆ ಮಾಡಲೇಬೇಕಾಯಿತು. ಪ್ರಸ್ತಾವ ಅಲ್ಲೇ ನಿಂತಿತು.

ನೀವೂ ಹಾಗೆಯೇ ಬರೆಯಿರಿ. ಸರ್ವೆ ನಂಬರು, ಜಾಹೀರಾತಿನ ದಿನಾಂಕ, ನಿಮ್ಮ ಮನೆಗೂ ಆ ತೋಟಕ್ಕೂ ಇರುವ ದೂರ. ಬೀದಿ ಎಷ್ಟು ಅಡಿ? ಒಳಚರಂಡಿ ಇದೆಯೇ? ಬೋರ್‌ವೆಲ್ ಎಷ್ಟು ಆಳಕ್ಕೆ ಇಳಿದಿದೆ? ನಕ್ಷೆಯಲ್ಲಿ ವಾಣಿಜ್ಯಕ್ಕೆಂದು ಆಗಲೇ ನೀಲಿ ಬಳಿದು ಖಾಲಿ ಉಳಿದ ಜಾಗ ಹತ್ತಿರದಲ್ಲೇ ಇದ್ದರೆ, 'ಅದನ್ನು ಬಿಟ್ಟು ಇಲ್ಲೇ ಏಕೆ?' ಎಂದು ಕೇಳಿ. ಅಕ್ಕಪಕ್ಕದ ಹತ್ತು ಮನೆಯವರು ಒಂದೇ ಕಾಗದಕ್ಕೆ ಸಹಿ ಹಾಕುವುದಕ್ಕಿಂತ, ಹತ್ತು ಜನರೂ ತಮ್ಮ ತಮ್ಮ ತೊಂದರೆಯನ್ನು ತಮ್ಮ ಮಾತಿನಲ್ಲಿ ಬರೆದರೆ ಹತ್ತಕ್ಕೂ ಉತ್ತರ ಕೊಡಬೇಕಾಗುತ್ತದೆ. ಕೊನೆಯ ದಿನಕ್ಕೆ ಕಾಯದೆ ಖುದ್ದಾಗಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಆಮೇಲೆ ಏನಾಯಿತೆಂದು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ ಕಡತದ ಟಿಪ್ಪಣಿ ಪುಟಗಳನ್ನೇ ಕೇಳಿ.

ಪ್ರಶ್ನೆ: ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಮುದಾಯ ಭವನ ಕಟ್ಟಲು ಹೊರಟಿದ್ದಾರೆ. ಊರವರಿಗೇ ಉಪಯೋಗವಲ್ಲವೇ, ವಿರೋಧಿಸುವವರು ಸ್ವಾರ್ಥಿಗಳು ಎಂದು ನಮ್ಮ ಮೇಲೇ ತಿರುಗಿಬಿದ್ದಿದ್ದಾರೆ.

ಉತ್ತರ: ಭವನ ಒಳ್ಳೆಯದೇ, ಅದಕ್ಕೆ ನಾಗರಿಕ ಸೌಕರ್ಯದ ನಿವೇಶನ, ಅಂದರೆ ಸಿಎ ಸೈಟ್ ಎಂದೇ ಲೇಔಟಿನಲ್ಲಿ ಬೇರೆ ಜಾಗ ಬಿಟ್ಟಿರುತ್ತಾರೆ. ಪಾರ್ಕಿನ ಜಾಗ ಪಾರ್ಕಿಗೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಅದಕ್ಕಿಂತ ದೊಡ್ಡ ಬಲ ಒಂದು ತೀರ್ಪು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ಹೇಳಿತು, ಹಂಚಿಕೆ ನಿಲ್ಲಲಿಲ್ಲ. 'ಇವರಿಗೇನು ಹಕ್ಕು?' ಎಂಬ ವಾದವನ್ನೂ ಒಪ್ಪಲಿಲ್ಲ. ಆಸ್ಪತ್ರೆಗೇ ಸಿಗದ ಪಾರ್ಕು ಭವನಕ್ಕೆ ಸಿಗುವುದು ಹೇಗೆ ಎಂದು ಕೇಳಿ.

ಒಂದು ಎಚ್ಚರಿಕೆ. ಲೇಔಟಿನ ನಕ್ಷೆಯಲ್ಲಿ ಪಾರ್ಕೆಂದು ತೋರಿಸಿ ಪ್ರಾಧಿಕಾರಕ್ಕೆ ಬರೆದುಕೊಟ್ಟ ಜಾಗ ಬೇರೆ, ಮಾಸ್ಟರ್ ಪ್ಲಾನಿನಲ್ಲಿ ಯಾರದೋ ಖಾಸಗಿ ಜಮೀನಿನ ಮೇಲೆ ಬಳಿದ ಹಸಿರು ಬೇರೆ. ಎರಡನೆಯದನ್ನು ಪ್ರಾಧಿಕಾರ ಕೊಂಡುಕೊಳ್ಳದೆ ವರ್ಷಗಟ್ಟಲೆ ಬಿಟ್ಟರೆ ಮಾಲೀಕರು ಬಿಡಿಸಿಕೊಳ್ಳಲು ಕಾನೂನಿನಲ್ಲೇ ದಾರಿಯಿದೆ. ನಿಮ್ಮದು ಮೊದಲನೆಯ ಬಗೆಯದೇ ಎಂದು ಮುದ್ರೆಯಿರುವ ಲೇಔಟ್ ನಕ್ಷೆ ನೋಡಿ ಖಚಿತ ಮಾಡಿಕೊಂಡು ಮುಂದುವರಿಯಿರಿ.

ಪ್ರಶ್ನೆ: ನಮ್ಮದು ದೊಡ್ಡಬಳ್ಳಾಪುರ ಕಡೆ ಎರಡೂವರೆ ಎಕರೆ. ರಾಗಿ, ಸೊಪ್ಪು, ಸ್ವಲ್ಪ ಹಿಪ್ಪುನೇರಳೆ. ಹೊಸ ನಕ್ಷೆಯಲ್ಲಿ ನಮ್ಮ ಹೊಲ ಹಳದಿಗೆ ಬಂದಿದೆ ಅಂತಾರೆ. ಇನ್ನು ಬೇಸಾಯ ಮಾಡಂಗಿಲ್ಲ, ಈಗಲೇ ಕೊಟ್ಟುಬಿಡಿ ಅಂತ ದಿನಾ ಒಬ್ಬೊಬ್ರು ಬರ್ತಾರೆ. ಅಪ್ಪಂಗೆ ನಿದ್ದೆ ಇಲ್ಲ. ನಿಜಾನಾ ಅಕ್ಕ?

ಉತ್ತರ: ಸುಳ್ಳು. ಅಪ್ಪನಿಗೆ ಇವತ್ತೇ ಓದಿ ಹೇಳಪ್ಪ. ಹಳದಿ ಬಳಿದರೆ ಜಮೀನು ಯಾರ ಕೈಗೂ ಹೋಗುವುದಿಲ್ಲ. ಮುಂದೆ ಆ ಭಾಗದಲ್ಲಿ ಮನೆ ಕಟ್ಟಲು ಯಾರಾದರೂ ಕೇಳಿದರೆ ಯೋಜನೆ ಅಡ್ಡ ಬರುವುದಿಲ್ಲ ಎಂದಷ್ಟೇ ಅದರ ಅರ್ಥ. ರಾಗಿ ಬಿತ್ತಲು ಯಾರ ಅನುಮತಿಯೂ ಬೇಡ. ಹಳದಿ ನಕ್ಷೆಯ ನಡುವೆ ಇಪ್ಪತ್ತು ವರ್ಷ ಸೊಪ್ಪು ಬೆಳೆದ ಮನೆತನಗಳು ನನಗೆ ಗೊತ್ತು.

ಬಣ್ಣ ಬದಲಾಗುವುದು ಒಂದು, ಭೂಸ್ವಾಧೀನ ಇನ್ನೊಂದು. ಸ್ವಾಧೀನಕ್ಕೆ ಸರ್ಕಾರ ಅಧಿಸೂಚನೆ ಹೊರಡಿಸಬೇಕು, ನಿಮ್ಮ ಸರ್ವೆ ನಂಬರು ಅದರಲ್ಲಿರಬೇಕು, ನಿಮಗೆ ನೋಟಿಸು ಬರಬೇಕು. ಬಂದ ಮೇಲೂ ಕಥೆ ಮುಗಿಯುವುದಿಲ್ಲ. ನಿಮ್ಮ ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಗೆ ಕೈಗಾರಿಕಾ ಪ್ರದೇಶಕ್ಕೆಂದು ನೋಟಿಸು ಬಂದಿತ್ತು. ಅಲ್ಲಿನವರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು, ಹೆಂಗಸರು ಕೂಸು ಎತ್ತಿಕೊಂಡು ಬಂದು ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ಆ ಕಡೆ ಎಕರೆಯ ಬೆಲೆ ಎಲ್ಲಿಗೆ ಹೋಯಿತೆಂದು ಎಲ್ಲರಿಗೂ ಗೊತ್ತು. ಆ ಬೆಲೆ ಗೊತ್ತಿದ್ದೂ ಅವರು ನೆಲ ಬಿಡಲಿಲ್ಲ.

ಮಾರಬೇಡಿ ಎಂದು ನಾನು ಹೇಳುತ್ತಿಲ್ಲ. ಮಗಳ ಮದುವೆ, ಸಾಲ, ಓದು, ಮಾರಲು ನಿಮ್ಮವೇ ಕಾರಣಗಳಿರಬಹುದು. ಹೆದರಿ ಮಾರಬೇಡಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಮನೆ ಬಾಗಿಲಿಗೆ ಬರುವವರ ಸಂಖ್ಯೆ ಅದಕ್ಕೇ ಹೆಚ್ಚಿದೆ. ಬರುವವರಿಗೆ 'ಅಧಿಸೂಚನೆ ತೋರಿಸಿ' ಎಂದು ಒಂದೇ ಮಾತು ಕೇಳು. ಕರಡು ಇನ್ನೂ ಅಂತಿಮವಾಗಿರದಿದ್ದರೆ, ಪ್ರಕಟವಾದ ದಿನದಿಂದ 60 ದಿನದೊಳಗೆ 'ನಮ್ಮ ಹೊಲ ಕೃಷಿ ವಲಯದಲ್ಲೇ ಇರಲಿ' ಎಂದು ಬರೆದುಕೊಡಬಹುದು. ನೆರೆಯ ಹೊಲದವರೂ ಸೇರಿದರೆ ಒಳ್ಳೆಯದು. ನಡುವೆ ಒಂದೇ ಹೊಲ ಹಸಿರಾಗಿ ಉಳಿದರೆ ಸುತ್ತಲ ಮನೆಗಳ ಚರಂಡಿ ನೀರೆಲ್ಲ ನಿಮ್ಮ ಪಾತಿಗೇ ಬರುತ್ತದೆ.

ಪ್ರಶ್ನೆ: ನೀವು ಪ್ರತಿ ಸಂಚಿಕೆಯಲ್ಲೂ ತಕರಾರು ಹಾಕಿ ಎನ್ನುತ್ತೀರಿ. ನನ್ನ ಮಗನ ಸಂಬಳದಲ್ಲಿ ಅರ್ಧ ಬಾಡಿಗೆಗೇ ಹೋಗುತ್ತಿದೆ. ಎಲ್ಲರೂ ಎಲ್ಲದಕ್ಕೂ ಅಡ್ಡ ನಿಂತರೆ ಹೊಸಬರು ಎಲ್ಲಿ ಇರಬೇಕು? (ಬೆಂಗಳೂರಿನ ಓದುಗರು)

ಉತ್ತರ: ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನೀವು ಕೇಳಿದ್ದು ಸರಿ. ಊರು ಬೆಳೆಯಲೇಬೇಕು, ಬಂದವರಿಗೆ ಸೂರು ಸಿಗಲೇಬೇಕು. ಮೆಟ್ರೊ ನಿಲ್ದಾಣದ ಪಕ್ಕದ ಬೀದಿಯಲ್ಲಿ ಐದಂತಸ್ತು ಬಂದರೆ ನಮ್ಮ ಬಡಾವಣೆಯ 'ವಾತಾವರಣ' ಕೆಡುತ್ತದೆ ಎಂದು ನನಗೆ ಬರೆದವರಿದ್ದಾರೆ. ಆ ಬಗೆಯ ತಕರಾರಿಗೆ ನಾನು ಕೈಜೋಡಿಸುವುದಿಲ್ಲ, ಅವರಿಗೂ ಹಾಗೆಂದೇ ಬರೆದೆ. ಬಸ್ಸು, ನೀರು, ಚರಂಡಿ ಇರುವ ಕಡೆ ಹೆಚ್ಚು ಜನ ಇರಬೇಕು.

ಆದರೆ ನಿಮ್ಮ ಮಗನ ಬಾಡಿಗೆಗೂ ಸರ್ಜಾಪುರದ ಅಡುಗೆಮನೆಯ ನೀರಿಗೂ ಬೇರು ಒಂದೇ ಕಡೆ ಇದೆ. ಬೆಂಗಳೂರು ಈಗಲೂ ನಡೆಯುತ್ತಿರುವುದು 2007ರಲ್ಲಿ ಒಪ್ಪಿಗೆಯಾದ, 2015ಕ್ಕೆಂದು ಮಾಡಿದ ನಕ್ಷೆಯ ಮೇಲೆ. 2031ರ ಕರಡು 2017ರಲ್ಲಿ ಹೊರಬಂತು, ಜನ ಸಾವಿರಾರು ಆಕ್ಷೇಪಣೆ ಬರೆದರು, ಕೊನೆಗೆ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು ಕಾಯ್ದೆ ಹೇಳುತ್ತದೆ. ನಕ್ಷೆ ನಿಂತರೂ ಜನ ಬರುವುದು ನಿಲ್ಲಲಿಲ್ಲ. ಒಪ್ಪಿಗೆಯಾದ ಲೇಔಟಿನ ಸೈಟು ಕೈಗೆಟುಕದವರು ಒಪ್ಪಿಗೆಯಿಲ್ಲದ ರೆವಿನ್ಯೂ ಸೈಟು ಕೊಂಡರು. ಕೊಂಡವರನ್ನು ಕಳ್ಳರೆಂದು ಕರೆಯಲು ನನಗೆ ಮನಸ್ಸಿಲ್ಲ, ಅವರಲ್ಲಿ ನಮ್ಮ ಕಚೇರಿಯ ಜವಾನರೂ ಇದ್ದರು. ಅಂಥ ಸ್ವತ್ತನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು, ಆಗ ಅವರೆಲ್ಲ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎನ್ನುವಂತಾದರು.

ನಿಮ್ಮ ಮಗನೂ ಮುಂದಿನ ಕರಡು ಬಂದಾಗ ಆಕ್ಷೇಪಣೆ ಬರೆಯಲಿ. 'ನಮ್ಮ ವಾರ್ಡಿನಲ್ಲಿ ಬಾಡಿಗೆಗೆ ಎರಡು ಕೋಣೆಯ ಮನೆಗಳು ಬೇಕು, ಇಂಥ ರಸ್ತೆಯ ಎರಡೂ ಬದಿಗೆ ಎತ್ತರ ಹೆಚ್ಚಿಸಿ' ಎಂದು ಕೇಳುವುದೂ ಆಕ್ಷೇಪಣೆಯೇ. ನಾನು ಕಡತ ಕಟ್ಟಿದ ಅಷ್ಟೂ ವರ್ಷಗಳಲ್ಲಿ ಒಬ್ಬ ಬಾಡಿಗೆದಾರರೂ ಹಾಗೆ ಬರೆದದ್ದನ್ನು ನೋಡಲಿಲ್ಲ. ಬರೆದವರೆಲ್ಲ ಸ್ವಂತ ಮನೆಯವರು. ನಕ್ಷೆ ಅವರ ಮಾತಿನಂತೆ ಬಂತು.

ಪ್ರಶ್ನೆ: ನಾನು ಕೋಲಾರ ಜಿಲ್ಲೆಯವಳು, ಬಿಎಸ್ಸಿ ಓದುತ್ತಿದ್ದೇನೆ. ನಮ್ಮೂರು ಇನ್ನೂ ಹಳ್ಳಿಯೇ, ಲೇಔಟ್ ಏನೂ ಬಂದಿಲ್ಲ. ಕೆರೆಗೆ ಹೋಗುವ ಒಂದು ನಕಾಶೆ ದಾರಿ ಇತ್ತು ಎಂದು ಅಜ್ಜಿ ಹೇಳುತ್ತಾರೆ. ಈಗಲೇ ಏನಾದರೂ ಮಾಡಬೇಕೇ?

ಉತ್ತರ: ಈಗಲೇ ಮಾಡಮ್ಮ. ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಗ್ರಾಮ ನಕ್ಷೆ ಸಿಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಆದಷ್ಟು ದೊಡ್ಡದಾಗಿ ಪ್ರಿಂಟ್ ಮಾಡಿಸು. ಅಜ್ಜಿಯನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಕೆರೆ, ತೂಬು, ಕೋಡಿ, ಗೋಮಾಳ, ಗುಂಡುತೋಪು ಒಂದೊಂದನ್ನೂ ತೋರಿಸಿ ಕೇಳು. ಅವರು ಹೇಳುವ ಹೆಸರುಗಳನ್ನು ಪೆನ್ಸಿಲ್ಲಿನಲ್ಲಿ ಅಲ್ಲಲ್ಲೇ ಬರೆ. ನಕಾಶೆ ದಾರಿಯನ್ನು ಚುಕ್ಕೆಗೆರೆಯಲ್ಲಿ ತೋರಿಸಿರುತ್ತಾರೆ, ಅದರ ಎರಡೂ ಬದಿಯ ಸರ್ವೆ ನಂಬರು ಪಟ್ಟಿ ಮಾಡು. ಸಂಜೆ ಹೊತ್ತು ಆ ದಾರಿಯಲ್ಲಿ ಒಮ್ಮೆ ನಡೆದು ನೋಡು, ಎಲ್ಲಿ ಬೇಲಿ ಅಡ್ಡ ಬಂದಿದೆಯೋ ಅಲ್ಲಿ ಫೋಟೊ ತೆಗೆ. ಮುಂದಿನ ಗ್ರಾಮಸಭೆಯಲ್ಲಿ ಆ ಹಾಳೆಯನ್ನು ಬಿಡಿಸಿ ಇಟ್ಟು, ದಾರಿ ಮತ್ತು ತೋಪಿನ ಅಳತೆ ಮಾಡಿಸಬೇಕೆಂದು ನಡಾವಳಿಯಲ್ಲಿ ಬರೆಸು. ಅಜ್ಜಿಗೆ ನಡೆಯಲು ಆಗುವುದಾದರೆ ಅವರನ್ನೂ ಸಭೆಗೆ ಕರೆದುಕೊಂಡು ಹೋಗು.

ಹಾಳೆಯ ಒಂದು ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಕಳಿಸು. ನಿಮ್ಮೂರಿನ ತೋಪಿನಲ್ಲಿ ಇನ್ನೂ ಮರಗಳಿವೆಯೇ ಎಂದೂ ಬರೆ.